ತೊಲೆಯ ದರ್ಜೆಯನ್ನಷ್ಟೇ ನೋಡಿದರೆ ಸಾಲದು

ಪರೇಲ, ಲಾಲಬಾಗದ ಎಷ್ಟೋ ಹಳೆಯ ಚಾಳುಗಳ ಮಾಳಿಗೆ ಇಂದಿಗೂ ಮರದ ತೊಲೆಗಳ ಮೇಲೆಯೇ ನಿಂತಿದೆ. ಅವುಗಳ ಕೆಳಗೆ ಮಲಗುವವರು ನಾವು. ದುರಸ್ತಿಗೆ ಬಂದ ಗುತ್ತಿಗೆದಾರ “ಒಂದನೇ ದರ್ಜೆಯ ಮರ” ಎಂದೊಡನೆ ತಲೆಯಾಡಿಸಿಬಿಡುತ್ತೇವೆ. ಬಾಂಧವರೇ, ದರ್ಜೆಯೆಂಬುದು ಮುಖ್ಯವಾಗಿ ಬಲದ ಲೆಕ್ಕ. ಗಂಟು, ಸೀಳು, ಓರೆ ನಾರು ಎಷ್ಟಿವೆಯೆಂದು ನೋಡಿ ಅದನ್ನು ಕೊಡುತ್ತಾರೆ. ತೊಲೆ ಮುಂದೆ ಬಾಗದೆಂಬ ಭರವಸೆ ಅದರಲ್ಲಿಲ್ಲ.

ಬಾಗಿಸುವುದು ಹೆಚ್ಚಾಗಿ ತೇವ. ಮರದ ತೇವ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಾಗ ಅದು ಕುಗ್ಗತೊಡಗುತ್ತದೆ; ಅದೂ ಒಂದೇ ಸಮನಾಗಿ ಅಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ಅವುಗಳಿಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಹೀಗಾಗಿ ಮರ ಡೊಂಕಾಗುತ್ತದೆ. ನಾರು ಸುರುಳಿಯಾಗಿದ್ದರೆ ತಿರುಚಿಕೊಳ್ಳುತ್ತದೆ. ತಿರುಳಿನ ಬಳಿಯ ಎಳೆಯ ಮರವಾದರೆ ಇನ್ನೂ ಕೇಡು. ಓರೆ ನಾರನ್ನು ತಳ್ಳಿಹಾಕುವುದರಿಂದ ಮೇಲ್ದರ್ಜೆಯ ಮರ ತುಸು ವಾಸಿ, ನಿಜ. ಆದರೆ ಹಸಿಯಾಗಿಯೇ ಏರಿಸಿದರೆ ಅದೂ ಮಳೆಗಾಲ ಕಳೆದು ಒಣಗುವಾಗ ಬಾಗಬಹುದು. ಹಳಬರು ಬರ್ಮಾ ತೇಗವನ್ನು ಹೊಗಳುತ್ತಿದ್ದುದು ಸುಮ್ಮನೆ ಅಲ್ಲ. ತೇಗ ಕುಗ್ಗುವುದೇ ಕಡಿಮೆ. (ಅದನ್ನು ನಮ್ಮ ಚಾಳಿಗೆ ಯಾವ ಗುತ್ತಿಗೆದಾರ ತಂದಾನು!)

ಹಳೆಯ ಕಟ್ಟಡಗಳ ದುರಸ್ತಿಗೆಂದು 1969ರಲ್ಲಿ ಕಾಯಿದೆ ಬಂದಾಗಿನಿಂದ ಬಾಡಿಗೆಯ ಜೊತೆ ಸೆಸ್ಸನ್ನೂ ತೆರುತ್ತ ಬಂದಿದ್ದೇವೆ. ಕೇಳುವ ಹಕ್ಕು ನಮ್ಮದು. ತೇವ ಅಳೆಯುವ ಕೈಯಂತ್ರ ಬಂದಿದೆ. ಮರ ಮೇಲೇರುವ ಮೊದಲೇ ಚಾಳಿನ ಸಮಿತಿಯವರು ಪ್ರತಿ ತೊಲೆಯನ್ನೂ ಅಳೆಸಿ, ದರ್ಜೆಯ ಪಕ್ಕದಲ್ಲಿ ಆ ಅಂಕಿಯನ್ನೂ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಲಿ.