ಮನೆಯನ್ನೆತ್ತುವ ಜಾಕು

ಮೋಟಾರಿನ ಬೆನ್ನಿಗೆ ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುವ ಗೀಳು ಅಮೆರಿಕನ್ನರಿಗೆ ಹೊಸದಲ್ಲ. 1919ರಷ್ಟು ಹಿಂದೆಯೇ ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಇಂತಹ ಅಲೆಮಾರಿಗಳು ಸೇರಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನು ಕಟ್ಟಿಕೊಂಡಿದ್ದರು. 1936ರಲ್ಲಿ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಎಂಬ ಅಲ್ಯುಮಿನಿಯಮ್ ಮೈಯ ಟ್ರೇಲರನ್ನು ಹೊರತಂದ ವಾಲಿ ಬಯಮ್, 1959-60ರಲ್ಲಿ 41 ಟ್ರೇಲರುಗಳ ಸಾಲನ್ನು ಆಫ್ರಿಕದ ಕೇಪ್‌ಟೌನಿನಿಂದ ಕೈರೋವರೆಗೆ ನಡೆಸಿಕೊಂಡು ಹೋದರು. ಇಂದು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಸಂಸಾರಗಳೂ, ಬೇಸಗೆಯಲ್ಲಿ ಊರಿನಿಂದ ತಂದೆತಾಯಿಗಳು ಬಂದಾಗ, ಇಂತಹದೊಂದನ್ನು ಬಾಡಿಗೆಗೆ ಹಿಡಿದು ಹೊರಡುವುದುಂಟು. ಒಲೆ, ಹಾಸಿಗೆ, ತಣ್ಣನೆಯ ಪೆಟ್ಟಿಗೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗೇ ಇರುವುದರಿಂದ ಅಮ್ಮನ ಕಾಫಿಗೂ ಅಪ್ಪನ ಮಧ್ಯಾಹ್ನದ ನಿದ್ರೆಗೂ ಭಂಗವಿಲ್ಲ.

ಭಂಗ ಬರುವುದು ಟೈರು ಸಿಡಿದಾಗ.

ಮನೆಯ ಯಜಮಾನನು ಕೆಳಗಿಳಿದು, ಕಾರಿನ ಡಿಕ್ಕಿಯನ್ನು ತೆರೆದು, ಅಲ್ಲಿರುವ ಪುಟ್ಟ ಜಾಕನ್ನು ತೆಗೆದುಕೊಂಡು ಟ್ರೇಲರಿನತ್ತ ನಡೆಯುತ್ತಾನೆ. ಅಪಾಯದ ಮೊದಲ ಹೆಜ್ಜೆ ಇದೇ. ಆ ಜಾಕು ಆ ಕಾರಿಗೆಂದು, ಆ ಕಾರಿನ ತಳದಲ್ಲಿ ಗುರುತುಮಾಡಿದ ಜಾಗಗಳಿಗೆಂದು ಮಾಡಿದ್ದು. ಅದಕ್ಕೂ ಈ ಮನೆಗೂ ಯಾವ ಸಂಬಂಧವೂ ಇಲ್ಲ. ಇನ್ನು ಕೆಲವರು ಟ್ರೇಲರಿನ ನಾಲ್ಕು ಮೂಲೆಗಳಲ್ಲಿ ಮಡಿಸಿಟ್ಟಿರುವ ಕಾಲುಗಳನ್ನು ಕಂಡು, ‘ಜಾಕು ಇಲ್ಲಿಯೇ ಇದೆಯಲ್ಲ!’ ಎಂದು ಹಿಗ್ಗುವರು. ಬೀಡುಬಿಟ್ಟಾಗ ಒಳಗೆ ಜನ ಓಡಾಡಿದರೆ ಗಾಡಿ ಅಲುಗದಿರಲೆಂದು ಇರುವ ಊರುಗೋಲುಗಳು ಅವು. ಅವುಗಳಿಂದ ಗಾಡಿಯನ್ನು ಮೇಲೆತ್ತಲು ಹೋದರೆ ಕಾಲು ಸೊಟ್ಟಗಾಗುವುದು, ಇಲ್ಲವೆ ಚಾಸಿಯೇ ತಿರುಚಿಕೊಳ್ಳುವುದು. ಮೂತಿಯಲ್ಲಿರುವ ಜಾಕೂ ಅಷ್ಟೆ. ಕಾರಿಗೆ ಕೊಂಡಿ ಹಾಕುವಾಗ ಮೂತಿಯನ್ನು ಏರಿಸಿ ಇಳಿಸುವುದಷ್ಟೇ ಅದರ ಕೆಲಸ. ಆದುದರಿಂದ ಚಕ್ರವನ್ನು ಎತ್ತಲು ಬೇರೆಯೇ ಒಂದು ಜಾಕನ್ನು ಕೊಂಡು ಜೊತೆಯಲ್ಲಿಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಟನ್ನು?’ ಎಂಬುದು. ಅಮೆರಿಕದ ಟನ್ನು 2,000 ಪೌಂಡು, ಎಂದರೆ ಸುಮಾರು 907 ಕಿಲೋಗ್ರಾಂ. ಸಾಮಾನು ತುಂಬಿದ ಟ್ರೇಲರೊಂದು 2,700 ಕಿಲೋ ತೂಗುತ್ತದೆಂದು ಇಟ್ಟುಕೊಳ್ಳೋಣ. ಅದರಲ್ಲಿ ಮುನ್ನೂರು ಕಿಲೋ ಚಿಲ್ಲರೆಯನ್ನು ಮುಂದಿನ ಕಾರು ಕೊಂಡಿಯ ಮೂಲಕ ಹೊರುತ್ತದೆ. ಉಳಿದುದು ಎರಡು ಪಕ್ಕಗಳಿಗೂ ಹಂಚಿಹೋದರೆ ಒಂದೊಂದು ಪಕ್ಕಕ್ಕೆ 1,200 ಕಿಲೋ ಬರುತ್ತದೆ. ಅಡುಗೆಯ ಕಟ್ಟೆ, ನೀರಿನ ತೊಟ್ಟಿ ಒಂದೇ ಪಕ್ಕದಲ್ಲಿದ್ದರೆ ಆ ಪಕ್ಕದ ಪಾಲು ಇನ್ನೂ ಹೆಚ್ಚು. ಲೆಕ್ಕಕ್ಕೆ ಎರಡು ಟನ್ನಿನ ಜಾಕು ಸಾಕು. ವಿವೇಕಕ್ಕೆ ನಾಲ್ಕು ಅಥವಾ ಆರು ಟನ್ನಿನದು ಬೇಕು. ಅದರ ಮೇಲೆ ಹೋದುದರಿಂದ ಲಾಭವಿಲ್ಲ. ಹನ್ನೆರಡು ಟನ್ನಿನ ಜಾಕನ್ನು ಕೊಂಡು ನೆಮ್ಮದಿಯಿಂದ ನಿದ್ರಿಸಿದವನು, ಅದು ದಪ್ಪವೂ ಎತ್ತರವೂ ಆದುದರಿಂದ ಕುಸಿದ ಗಾಡಿಯ ಕೆಳಗೆ ತೂರಲೇ ಇಲ್ಲವೆಂಬುದನ್ನು ರಸ್ತೆಯ ಬದಿಯಲ್ಲಿ ಕಂಡುಕೊಳ್ಳಬೇಕಾಗುತ್ತದೆ.

ಆರಿಸುವಾಗ ಟನ್ನಿಗಿಂತ ಹೆಚ್ಚಾಗಿ ನೋಡಬೇಕಾದುದು ಅಂಗುಲಗಳನ್ನು. ಅಳೆಯಬೇಕಾದ ಎತ್ತರಗಳು ಎರಡು: ಟೈರಿನ ಗಾಳಿ ಪೂರ್ತಿ ಹೋಗಿ ಗಾಡಿ ಕುಸಿದಾಗ ಎತ್ತುವ ಜಾಗವು ನೆಲದಿಂದ ಎಷ್ಟು ಮೇಲಿರುತ್ತದೆ, ಗಾಳಿ ತುಂಬಿದ ಸ್ಟೆಪ್ನಿಯನ್ನು ಕೂರಿಸಲು ಅದು ಎಷ್ಟು ಮೇಲೆ ಹೋಗಬೇಕು. ಒಂದೇ ಅಚ್ಚಿನ ಗಾಡಿಯೊಂದರ ಚಾಸಿ ಸಾಮಾನ್ಯ ಸ್ಥಿತಿಯಲ್ಲಿ ನೆಲದಿಂದ 16 ಅಂಗುಲ ಮೇಲಿದ್ದು, ಟೈರು ಚಪ್ಪಟೆಯಾದಾಗ 12ಕ್ಕೆ ಇಳಿಯಿತೆನ್ನೋಣ. ಜಾಕಿನ ಅಡಿಗೆ ಎರಡು ಅಂಗುಲದ ಹಲಗೆ ಹಾಕಿದ ಮೇಲೆ ಉಳಿಯುವುದು ಹತ್ತು ಅಂಗುಲ. ಏಳರಿಂದ ಒಂಬತ್ತು ಅಂಗುಲ ಎತ್ತರದ ಬಾಟಲ್ ಜಾಕು ಅಲ್ಲಿಗೆ ಹೋಗಿ ಕೂರುವುದು ನಿಜ. ಆದರೆ ಚಾಸಿಯನ್ನು ಎತ್ತಿದ ಕೂಡಲೇ ಚಕ್ರ ಮೇಲೇಳುವುದಿಲ್ಲ; ಭಾರವಿಳಿದ ಸ್ಪ್ರಿಂಗು ಹಿಗ್ಗುತ್ತಾ, ಚಕ್ರವು ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಅದು ನೆಲ ಬಿಡುವ ಹೊತ್ತಿಗೆ ಚಾಸಿ ಇಪ್ಪತ್ತು ಅಂಗುಲ ಮುಟ್ಟಿರಬಹುದು. ಜಾಕಿನ ದಂಡವೋ ಅಷ್ಟು ಹೊತ್ತಿಗೆ ಮುಗಿದೇ ಹೋಗಿರುತ್ತದೆ! ಆಗ ಅವಸರದಲ್ಲಿ ಜಾಕಿನ ತಲೆಯ ಮೇಲೆ ಕಲ್ಲನ್ನೋ ಇಟ್ಟಿಗೆಯನ್ನೋ ಪೇರಿಸುವ ಬುದ್ಧಿ ಹುಟ್ಟುತ್ತದೆ. ಅನಾಹುತಕ್ಕೆ ಬಾಗಿಲು ತೆರೆಯುವುದು ಈ ಬುದ್ಧಿಯೇ.

ಎತ್ತುವ ಜಾಗವನ್ನು ಚಾಸಿಗಿಂತ ಕೆಳಕ್ಕೆ, ಅಚ್ಚನ್ನು ಕಮಾನು ಪಟ್ಟಿಗಳ ಸ್ಪ್ರಿಂಗಿಗೆ ಬಿಗಿದ ತಟ್ಟೆಯ ಅಡಿಗೆ ಸರಿಸಿದರೆ ಅಷ್ಟು ದೂರ ಎತ್ತಬೇಕಾಗಿಲ್ಲ. ಆದರೆ ಅಲ್ಲಿ ಜಾಗ ಇಕ್ಕಟ್ಟು. ಬಾಟಲ್ ಜಾಕು ಹಿಡಿಸದು. ಮಡಿಸಿದಾಗ ನಾಲ್ಕೈದು ಅಂಗುಲಕ್ಕೆ ಕುಗ್ಗುವ ಕತ್ತರಿ ಜಾಕೇ ಅಲ್ಲಿಗೆ ಸರಿ. ಈ ಜಾಗವನ್ನು ಒಪ್ಪುವ ತಯಾರಕರಿದ್ದಾರೆ, ಒಪ್ಪದವರೂ ಇದ್ದಾರೆ. ಗಾಡಿಯ ಜೊತೆಗೆ ಬರುವ ಕೈಪಿಡಿಯಲ್ಲಿ ಎತ್ತುವ ಜಾಗ ಎಲ್ಲಿದೆಯೆಂದು ಬರೆದಿರುತ್ತದೆ. ಜಾಕನ್ನು ಕೊಳ್ಳುವ ಮೊದಲೇ ಆ ಪುಟವನ್ನು ತೆರೆಯಬೇಕು. ಅಚ್ಚಿನ ನಡುಭಾಗಕ್ಕೆ ಮಾತ್ರ ಎಂದಿಗೂ ಜಾಕು ಕೊಡಬಾರದು. ಹೊರೆ ಬಿದ್ದಾಗ ಚಕ್ರಗಳು ನೆಟ್ಟಗೆ ನಿಲ್ಲಲೆಂದು ಆ ಕೊಳವೆಯನ್ನು ಮಾಡುವಾಗಲೇ ತುಸು ಮೇಲ್ಮುಖವಾಗಿ ಬಾಗಿಸಿರುತ್ತಾರೆ. ಒಮ್ಮೆ ಆ ಬಾಗು ಕೆಟ್ಟರೆ ಮುಂದೆ ಹಾಕುವ ಹೊಸ ಟೈರುಗಳೆಲ್ಲ ಒಂದೇ ಕಡೆ ಸವೆದು ಹಾಳಾಗುತ್ತವೆ.

ಬಾಟಲ್ ಜಾಕಿನ ಒಳಗುಟ್ಟು ಸರಳವಾದುದು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ಹಿಡಿದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವದ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. ಅದನ್ನು ಹೊತ್ತೊಯ್ಯಬಲ್ಲ ಜಾಕಾಗಿ ಮಾಡಿ 1851ರಲ್ಲಿ ಪೇಟೆಂಟು ಪಡೆದವನು ನ್ಯೂಯಾರ್ಕಿನ ರಿಚರ್ಡ್ ಡಜನ್. ಹಿಡಿಯ ಸನ್ನೆಯಿಂದ ಕೈಬಲ ಹದಿನೈದು ಪಾಲಾಗಿ, ಚಿಕ್ಕ ಕೊಳವೆಯಿಂದ ಬಾಯಿಯ ವಿಸ್ತೀರ್ಣದಲ್ಲಿ ಇಪ್ಪತ್ತು ಪಟ್ಟಾದ ದೊಡ್ಡ ಕೊಳವೆಗೆ ಎಣ್ಣೆ ಹರಿದರೆ, ಹತ್ತು ಕಿಲೋ ಬಲದ ಒತ್ತಿಗೆ ಮೂರು ಸಾವಿರ ಕಿಲೋ ಏಳಬೇಕು. ಘರ್ಷಣೆ ತಿನ್ನುವುದನ್ನು ಮಾತ್ರ ಕಳೆಯಬೇಕು. ಎಂಟು ವರ್ಷದ ಹುಡುಗನೂ ಮನೆಯನ್ನೆತ್ತುವ ಈ ಸೋಜಿಗದಲ್ಲೇ ಮೋಸವೂ ಅಡಗಿದೆ. ಅಷ್ಟು ಭಾರವನ್ನು ಹಿಡಿದು ನಿಲ್ಲಿಸಿರುವುದು ಒಂದು ಸಣ್ಣ ಕವಾಟ ಮತ್ತು ರಬ್ಬರಿನ ಒಂದು ಬಳೆ. ಬಳೆ ಸವೆದರೆ ಎಣ್ಣೆ ಜಿನುಗಿ ಗಾಡಿ ಸದ್ದಿಲ್ಲದೆ ಇಳಿಯುತ್ತದೆ. ಹರಿದರೆ ಒಮ್ಮೆಗೇ ಬೀಳುತ್ತದೆ. ಕತ್ತರಿ ಜಾಕಿನಲ್ಲಿ ಎಣ್ಣೆಯ ಭಯವಿಲ್ಲ, ಆದರೆ ಪಕ್ಕಕ್ಕೆ ವಾಲಿದರೆ ಅದಕ್ಕೆ ತಡೆವ ಶಕ್ತಿ ಕಡಿಮೆ. ಗ್ಯಾರೇಜಿನ ಟ್ರಾಲಿ ಜಾಕು ಎತ್ತುತ್ತಾ ತಾನೂ ಗಾಲಿಯ ಮೇಲೆ ಮುಂದಕ್ಕೆ ಉರುಳಬೇಕು. ಜಲ್ಲಿಯ ಮೇಲೆ ಅದು ಉರುಳದೆ ಗಾಡಿಯನ್ನೇ ತನ್ನತ್ತ ಜಗ್ಗುತ್ತದೆ. ಸಿಮೆಂಟಿನ ಅಂಗಳದಲ್ಲಿ ಅದಕ್ಕೆ ಸಮನಿಲ್ಲ, ಪ್ರವಾಸದಲ್ಲಿ ಅದು ಬರಿಯ ಹೊರೆ.

ಜಾಕು ಯಾವುದೇ ಆಗಲಿ, ಎತ್ತುವುದು ಬೇರೆ, ಹೊತ್ತು ನಿಲ್ಲುವುದು ಬೇರೆ. ಚಕ್ರ ಬಿಚ್ಚಿ ಕೀಲೆಣ್ಣೆ ಹಾಕುವ ಗಾಡಿಯವನು ಅಚ್ಚಿನ ಕೆಳಗೆ ಕಟ್ಟಿಗೆ ಕೊಟ್ಟ ಮೇಲೆಯೇ ಹೆಗಲನ್ನು ತೆಗೆಯುತ್ತಾನೆ. ಇಲ್ಲಿಯೂ ಜಾಕು ಹೆಗಲು, ಉಕ್ಕಿನ ಸ್ಟ್ಯಾಂಡು ಕಟ್ಟಿಗೆ. ಆ ಸ್ಟ್ಯಾಂಡನ್ನಾದರೂ ನೋಡಿ ಕೊಳ್ಳಬೇಕು: ಹಲ್ಲುಗಳು ಸರಿಯಾಗಿ ಕಚ್ಚದೆ ಜಾರಬಹುದೆಂದು 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಸ್ಟ್ಯಾಂಡುಗಳನ್ನು ಮಾರಿದವರೇ ಹಿಂದಕ್ಕೆ ಕರೆಸಿಕೊಂಡರು. ಹಲ್ಲಿನ ಬದಲು ಉಕ್ಕಿನ ಗೂಟವನ್ನು ಅಡ್ಡಲಾಗಿ ತೂರಿಸುವ ಬಗೆಯದು ಹೆಚ್ಚು ನಂಬಿಕೆಗೆ ಯೋಗ್ಯ. ಸ್ಟ್ಯಾಂಡಿಗೆ ಬದಲಾಗಿ ಟೊಳ್ಳಾದ ಸಿಮೆಂಟು ಇಟ್ಟಿಗೆಯನ್ನು ಇಡುವುದಕ್ಕಿಂತ ಏನನ್ನೂ ಇಡದಿರುವುದು ಮೇಲು. ಅದು ಬಿರುಕು ಬಿಡುವ ಮುನ್ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ. ಸ್ಟ್ಯಾಂಡು ಕೊಟ್ಟ ಮೇಲೆಯೂ ಚಕ್ರ ಬದಲಿಸಲು ಗಾಡಿಯ ಕೆಳಗೆ ತಲೆ ಹಾಕಬೇಕಾದ ಅಗತ್ಯ ಬೀಳುವುದಿಲ್ಲ.

ಜಾಕಿನ ಅಡಿಯ ಹಲಗೆಯನ್ನು ಅನೇಕರು ಅಲಕ್ಷಿಸುವರು. ಐದು ಅಂಗುಲ ಚೌಕದ ಬುಡದ ಮೇಲೆ 1,200 ಕಿಲೋ ಬಿದ್ದರೆ ಚದರಂಗುಲಕ್ಕೆ 48 ಕಿಲೋ. ಒಂದಡಿ ಚೌಕದ ದಪ್ಪ ಹಲಗೆಯನ್ನು ಹಾಕಿದರೆ ಅದೇ ಭಾರ ಚದರಂಗುಲಕ್ಕೆ ಎಂಟು ಕಿಲೋ ಚಿಲ್ಲರೆಗೆ ಇಳಿಯುತ್ತದೆ. ಬೇಸಗೆಯ ಬಿಸಿಲಿಗೆ ಮೆದುವಾದ ಡಾಂಬರಿನಲ್ಲಿ ಜಾಕು ಒಂದೇ ಪಕ್ಕಕ್ಕೆ ಹೂತುಹೋಗುವುದನ್ನು ತಡೆಯುವುದು ಇಷ್ಟೇ ಬೆಲೆಯ ಮರದ ತುಂಡು.

ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುವುದರಿಂದ, ಎಡಗಡೆಯ ಚಕ್ರ ಕೈಕೊಟ್ಟರೆ ಅದರ ಮುಂದೆ ಕುಳಿತವನ ಬೆನ್ನ ಹಿಂದೆಯೇ ಲಾರಿಗಳು ಹಾರಿಹೋಗುತ್ತಿರುತ್ತವೆ. ಅಂತಹಲ್ಲಿ ಟೈರು ಚೂರುಚೂರಾದರೂ ಆಗಲಿ, ಚಕ್ರದ ಬಳೆಯೇ ಕೆಡಲಿ, ಮೆಲ್ಲಗೆ ತೆವಳಿಕೊಂಡು ಹೆದ್ದಾರಿ ಬಿಟ್ಟು ಸಮತಟ್ಟಾದ ಜಾಗ ಸೇರುವುದೇ ಲೇಸು. ಅಲ್ಲಿ ಒಳಗಿರುವ ಮಕ್ಕಳು ಮುದುಕರೆಲ್ಲರನ್ನೂ ಇಳಿಸಿ ದೂರ ಕೂರಿಸಬೇಕು. ಒಳಗೆ ಅಜ್ಜಿ ಎದ್ದು ನಾಲ್ಕು ಹೆಜ್ಜೆ ನಡೆದರೆ ಜಾಕಿನ ತಲೆ ಸರಿಯಲು ಅಷ್ಟೇ ಸಾಕು. ಅಲ್ಲಿನ ಟ್ರೇಲರುಗಳಿಗೆ ಸಾಮಾನ್ಯವಾಗಿ ಕೈಬ್ರೇಕು ಇರುವುದಿಲ್ಲ. ಆದುದರಿಂದ ಕಾರಿನ ಕೊಂಡಿಯನ್ನು ಬಿಡಿಸದೆ, ಕಾರಿನ ಬ್ರೇಕು ಹಾಕಿ, ಎತ್ತದ ಪಕ್ಕದ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡ್ಡ ಕೊಡಬೇಕು. ನಟ್ಟುಗಳನ್ನು ಸಡಿಲಿಸುವುದು ಚಕ್ರ ಇನ್ನೂ ನೆಲದ ಮೇಲಿರುವಾಗಲೇ ಆಗಬೇಕು. ಎತ್ತಿದ ಮೇಲೆ ಸ್ಪ್ಯಾನರಿನ ಮೇಲೆ ನಿಂತು ಕುಣಿಯುವವನು ಗಾಡಿಯನ್ನು ಜಾಕಿನಿಂದ ಕೆಳಕ್ಕೆ ದೂಡುತ್ತಿರುತ್ತಾನೆ.

ಒಂದರ ಹಿಂದೆ ಒಂದಾಗಿ ಎರಡು ಅಚ್ಚುಗಳಿರುವ ಗಾಡಿಯಾದರೆ, ಕೈಪಿಡಿ ಬೇಡವೆನ್ನದಿದ್ದಲ್ಲಿ, ಜಾಕಿನ ತಂಟೆಯೇ ಇಲ್ಲದೆ ಕೆಲಸ ಮುಗಿಸಬಹುದು: ಚೆನ್ನಾಗಿರುವ ಚಕ್ರವನ್ನು ಹಲಗೆಗಳ ಇಳಿಜಾರಿನ ಮೇಲೆ ನಿಧಾನವಾಗಿ ಹತ್ತಿಸಿದರೆ ಪಂಚರಾದುದು ತಾನಾಗಿಯೇ ಗಾಳಿಯಲ್ಲಿ ತೂಗುತ್ತದೆ. ಹೊಸ ಚಕ್ರವನ್ನು ಹಾಕಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, 10, 25, 50 ಮೈಲಿ ಓಡಿದಾಗ ಮತ್ತೆ ಬಿಗಿದು ನೋಡಬೇಕು.

ಹೊರಡುವ ಮುಂಚಿನ ಭಾನುವಾರ ಮನೆಯಂಗಳದಲ್ಲಿಯೇ ಒಂದು ಚಕ್ರದ ಗಾಳಿಯನ್ನು ಬಿಟ್ಟು, ಟೇಪು ಹಿಡಿದು ಅಳೆದು, ಒಮ್ಮೆ ಎತ್ತಿ ಇಳಿಸಿ ನೋಡುವ ಸಂಸಾರಗಳೂ ಇವೆ. ಜಾಕು ಸಾಲದೆಂದು ತಿಳಿದರೆ ಅಂಗಡಿಗೆ ಹೋಗಿ ಬದಲಿಸಿ ತರಲು ಆಗ ಇನ್ನೂ ಹೊತ್ತಿರುತ್ತದೆ.