ಮನೆವಾರ್ತೆ: ತಂಪು ಯಂತ್ರದ ರೋಗಗಳೂ ಚಿಕಿತ್ಸೆಯೂ

ಬೇಸಗೆಯು ಕಾಲಿಟ್ಟೊಡನೆ ಕಲಬುರಗಿ, ರಾಯಚೂರು, ಬಳ್ಳಾರಿಗಳ ಉರಿಬಿಸಿಲಿನ ಮನೆಗಳಲ್ಲಿಯೂ ಮಂಗಳೂರು, ಉಡುಪಿಗಳ ಬೆವರಿಳಿಸುವ ಕರಾವಳಿಯಲ್ಲಿಯೂ ಒಂದು ಮಾತು ಮೇಲಿಂದಮೇಲೆ ಕೇಳಿಬರುವುದು: “ನಮ್ಮ ಎ.ಸಿ. ತಂಪು ಕೊಡುವುದಿಲ್ಲ, ಗ್ಯಾಸು ಮುಗಿದುಹೋಗಿದೆಯಂತೆ.” ದುರಸ್ತಿಯವನು ಬರುವನು, ಗ್ಯಾಸು ತುಂಬುವನು, ಹಣವನ್ನು ಪಡೆದು ಹೋಗುವನು. ಮುಂದಿನ ವರ್ಷ ಮತ್ತೆ ಅದೇ ಮಾತು, ಅದೇ ವೆಚ್ಚ. ದೀಪದಲ್ಲಿ ಎಣ್ಣೆಯು ಉರಿದು ತೀರುವಂತೆ ಈ ಯಂತ್ರದಲ್ಲಿಯೂ ಗ್ಯಾಸು ದಿನದಿನಕ್ಕೆ ತೀರುವುದೆಂದು ಅನೇಕರು ನಂಬಿರುವರು. ಈ ನಂಬಿಕೆಯು ಸರಿಯಲ್ಲ. ಏಕೆ ಸರಿಯಲ್ಲವೆಂಬುದನ್ನು ತಿಳಿದುಕೊಂಡರೆ ಹಣವೂ ಉಳಿಯುವುದು, ಕೆಲವು ಅಪಾಯಗಳೂ ತಪ್ಪುವುವು.

ಈ ಯಂತ್ರವು ಕೋಣೆಯೊಳಗಿನ ಉಷ್ಣವನ್ನು ಎತ್ತಿ ಹೊರಕ್ಕೆ ಸಾಗಿಸತಕ್ಕದ್ದು. ಮಣ್ಣಿನ ಹೂಜಿಯ ನೀರು ಹೇಗೆ ತಣ್ಣಗಾಗುವುದೆಂಬುದನ್ನು ಬಲ್ಲ ಗೃಹಿಣಿಗೆ ಇದರ ತತ್ತ್ವವು ಕಠಿನವಲ್ಲ. ಹೂಜಿಯ ಮೈಯಲ್ಲಿ ಒಸರಿದ ನೀರು ಆವಿಯಾಗುವಾಗ ಉಷ್ಣವನ್ನು ಹೀರುವುದರಿಂದ ಒಳಗಿನ ನೀರು ತಂಪಾಗುವುದಷ್ಟೆ. ಎ.ಸಿ.ಯಲ್ಲಿ ನೀರಿಗೆ ಬದಲಾಗಿ ಬಹು ಸುಲಭವಾಗಿ ಆವಿಯಾಗುವ ಬೇರೊಂದು ದ್ರವವಿರುವುದು. ಅದು ಕೋಣೆಯೊಳಗಿನ ಸುರುಳಿಯಲ್ಲಿ ಆವಿಯಾಗಿ ಉಷ್ಣವನ್ನು ಹೀರುವುದು. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರು ಆ ಆವಿಯನ್ನು ಒತ್ತುವುದು. ಹೊರಗಿನ ಸುರುಳಿಯಲ್ಲಿ ಅದು ಉಷ್ಣವನ್ನು ಬಿಟ್ಟು ಮತ್ತೆ ದ್ರವವಾಗಿ ಒಳಕ್ಕೆ ಹಿಂದಿರುಗುವುದು. ಈ ಸಂಚಾರವೆಲ್ಲವೂ ಮುಚ್ಚಿದ ಕೊಳವೆಯೊಳಗೆ ನಡೆಯುವುದರಿಂದ ಗ್ಯಾಸು ಖರ್ಚಾಗುವುದಕ್ಕೆ ದಾರಿಯೇ ಇಲ್ಲ. ಅದು ಕಡಮೆಯಾಗಿದ್ದರೆ ಎಲ್ಲಿಯೋ ಸೋರಿರಬೇಕು. ಸೋರಿಲ್ಲದಿದ್ದರೆ ತಂಪು ತಗ್ಗಿದುದಕ್ಕೆ ಕಾರಣವು ಬೇರೆಯೇ ಇರಬೇಕು.

ಆ ಬೇರೆ ಕಾರಣಗಳಲ್ಲಿ ಮೊದಲನೆಯದು ಧೂಳು. ಒಳಗಿನ ಪೆಟ್ಟಿಗೆಯ ಮುಚ್ಚಳವನ್ನು ಮೇಲೆತ್ತಿದರೆ ಜಾಲರಿಯಂತಹ ಫಿಲ್ಟರು ಕಾಣುವುದು. ಅದು ಕಟ್ಟಿಕೊಂಡರೆ ಸುರುಳಿಯ ಮೇಲೆ ಗಾಳಿಯು ಹಾಯುವುದಿಲ್ಲ. ಯಂತ್ರವನ್ನು ನಿಲ್ಲಿಸಿ, ಸ್ವಿಚ್ಚನ್ನು ಆರಿಸಿ, ಫಿಲ್ಟರನ್ನು ತೆಗೆದು ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರಾ ಒಣಗಿಸಿ ಮತ್ತೆ ಸೇರಿಸಬೇಕು. ಯಂತ್ರವನ್ನು ನಿತ್ಯವೂ ಬಳಸುವ ಕಾಲದಲ್ಲಿ ಹದಿನೈದು ದಿನಗಳಿಗೊಮ್ಮೆಯೂ, ಧೂಳು ಹೆಚ್ಚಾಗಿರುವ ಊರುಗಳಲ್ಲಿ ವಾರಕ್ಕೊಮ್ಮೆಯೂ ಹೀಗೆ ಮಾಡುವುದು ಲೇಸು. ಹೊರಗಿನ ಪೆಟ್ಟಿಗೆಯ ಕಡೆಗೂ ಗಮನವಿರಲಿ. ಅದರ ಮುಂದೆ ಬಟ್ಟೆ ಒಣಹಾಕುವುದು, ಹಳೆಯ ಸಾಮಾನುಗಳನ್ನು ಒಟ್ಟುವುದು, ಪಾರಿವಾಳಗಳು ಗೂಡು ಕಟ್ಟುವುದು, ಇವೆಲ್ಲವೂ ಉಷ್ಣವು ಹೊರಬೀಳದಂತೆ ತಡೆಯುವುವು. ಕರಾವಳಿಯ ಉಪ್ಪುಗಾಳಿಯು ಅಲ್ಲಿನ ತೆಳುವಾದ ಲೋಹದ ಹಲ್ಲೆಗಳನ್ನು ತಿಂದುಹಾಕುವುದಾದುದರಿಂದ ಆ ಪ್ರಾಂತದವರು ಅದನ್ನು ಕಾಲಕಾಲಕ್ಕೆ ಸಿಹಿನೀರಿನಿಂದ ತೊಳೆಯಿಸತಕ್ಕದ್ದು.

ತಂಪು ನಿಜವಾಗಿ ಕಡಮೆಯಾಗಿರುವುದೋ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಯಂತ್ರವು ಕಾಲುಗಂಟೆ ನಡೆದ ಬಳಿಕ, ಅದು ಗಾಳಿಯನ್ನು ಒಳಗೆಳೆಯುವ ಕಡೆಯಲ್ಲಿಯೂ ಬಿಡುವ ಕಡೆಯಲ್ಲಿಯೂ ಒಂದು ಥರ್ಮಾಮೀಟರನ್ನು ಹಿಡಿದು ನೋಡಬೇಕು. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಬಾರದು. ಗಾಳಿಯ ಉಷ್ಣವನ್ನು ಅಳೆಯುವುದು ಬೇಕು. ಎರಡಕ್ಕೂ ಸುಮಾರು 8ರಿಂದ 12 ಡಿಗ್ರಿ ಸೆಂಟಿಗ್ರೇಡಿನ ಅಂತರವಿದ್ದರೆ ಯಂತ್ರವು ಸಾಮಾನ್ಯವಾಗಿ ಆರೋಗ್ಯದಿಂದಿರುವುದೆಂದು ತಿಳಿಯಬಹುದು. ಗಾಳಿಯಲ್ಲಿ ತೇವವು ಬಹಳವಾಗಿದ್ದರೆ ಅಂತರವು ಸ್ವಲ್ಪ ತಗ್ಗುವುದು ಸಹಜ.

ಎರಡನೆಯ ದೂರು, ನೀರು ತೊಟ್ಟಿಕ್ಕುವುದು. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಇಂತಹ ಏರ್ಪಾಟನ್ನು ಮೊದಲು ರೂಪಿಸಿದುದು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಗಾಳಿಯ ತೇವವನ್ನು ಹತೋಟಿಯಲ್ಲಿಡುವುದಕ್ಕಾಗಿ. ಇಂದಿಗೂ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವವು ನೀರಾಗಿ ಇಳಿಯುತ್ತಲೇ ಇರುವುದು. ಆ ನೀರನ್ನು ಹೊರಕ್ಕೊಯ್ಯುವ ಪೈಪಿನಲ್ಲಿ ಪಾಚಿಯೂ ಧೂಳೂ ಸೇರಿ ಕಟ್ಟಿಕೊಂಡರೆ ಅದು ಗೋಡೆಯ ಮೇಲೆ ಹರಿಯುವುದು. ಪೈಪನ್ನು ಶುಚಿಮಾಡಿಸಿ, ಅದರ ಇಳಿಜಾರು ಸರಿಯಾಗಿರುವುದೇ ಎಂದು ನೋಡಿಸಿದರೆ ಸಾಕು. ಮುಗ್ಗುಲು ವಾಸನೆಗೂ ಒದ್ದೆಯ ಸುರುಳಿಯ ಮೇಲೆ ಬೆಳೆದ ಬೂಷ್ಟೇ ಸಾಮಾನ್ಯ ಕಾರಣ. ಸುರುಳಿಯನ್ನು ತೊಳೆಯಿಸಬೇಕು, ಆಮೇಲೆ ಪ್ರತಿದಿನವೂ ನಿಲ್ಲಿಸುವುದಕ್ಕೆ ಮುಂಚೆ ಸ್ವಲ್ಪ ಹೊತ್ತು ಬರಿಯ ಫ್ಯಾನನ್ನು ನಡೆಯಿಸಿದರೆ ಅದು ಒಣಗಿರುವುದು.

ಮೂರನೆಯದು ಮಂಜುಗಡ್ಡೆ. ತಂಪಿನ ಯಂತ್ರದಲ್ಲಿ ಮಂಜು ಕಟ್ಟುವುದು ಒಳ್ಳೆಯ ಲಕ್ಷಣವೆಂದು ಭ್ರಮಿಸಬಾರದು. ಗಾಳಿಯು ಸಾಲದಿದ್ದರೂ ಗ್ಯಾಸು ಸೋರಿದ್ದರೂ ಸುರುಳಿಯು ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಮಂಜು ಕಟ್ಟುವುದು. ಆಗ ತಂಪನ್ನು ನಿಲ್ಲಿಸಿ ಫ್ಯಾನನ್ನು ಮಾತ್ರ ಬಿಟ್ಟರೆ ಕ್ರಮವಾಗಿ ಕರಗುವುದು. ಚಾಕುವಿನಿಂದ ಕೆರೆಯಲೇಬಾರದು, ಕೊಳವೆಗೆ ತೂತು ಬಿದ್ದರೆ ಸಣ್ಣ ರೋಗವು ದೊಡ್ಡದಾಗುವುದು. ಫಿಲ್ಟರನ್ನು ತೊಳೆದ ಮೇಲೆಯೂ ಮಂಜು ಕಟ್ಟಿದರೆ ತಿಳಿದವರನ್ನು ಕರೆಯಿಸಬೇಕು.

ನಾಲ್ಕನೆಯದು, ಒಳಗೆ ಗಾಳಿ ಬೀಸುತ್ತಿದ್ದರೂ ಹೊರಗಿನ ಪೆಟ್ಟಿಗೆಯು ಬರಿದೆ ಗುಂಯ್‌ಗುಟ್ಟಿ ಸುಮ್ಮನಾಗುವುದು. ಹಳೆಯ ಬಗೆಯ ಯಂತ್ರಗಳಲ್ಲಿ ಇದು ಬಹುಮಟ್ಟಿಗೆ ಕೆಪಾಸಿಟರ್ ಎಂಬ ಡಬ್ಬಿಯ ದೋಷ. ವಿದ್ಯುತ್ತಿನ ವೋಲ್ಟೇಜು ತಗ್ಗಿದರೂ ಹೀಗಾಗಬಹುದು. ಇನ್ವರ್ಟರ್ ಬಗೆಯವುಗಳಲ್ಲಿ ವಿದ್ಯುತ್ ಫಲಕವು ಕೆಟ್ಟಿರಬಹುದು. ಹಲ್ಲಿ, ಇರುವೆಗಳು ಅದರೊಳಗೆ ಸೇರಿ ಕೆಡಿಸುವುದೂ ಉಂಟು. ಕೆಪಾಸಿಟರನ್ನು ಬದಲಾಯಿಸುವುದು ಅಲ್ಪ ವೆಚ್ಚದ ಕೆಲಸವೇ ಸರಿ. ಆದರೆ ಮನೆಯವರು ಅದಕ್ಕೆ ಕೈಹಾಕಬಾರದು. ಸ್ವಿಚ್ಚನ್ನು ಆರಿಸಿದ ಮೇಲೆಯೂ ಅದರಲ್ಲಿ ವಿದ್ಯುತ್ತು ಉಳಿದಿದ್ದು ಮುಟ್ಟಿದವರನ್ನು ಹೊಡೆಯುವುದು. ಯಂತ್ರವನ್ನು ನಿಲ್ಲಿಸಿದೊಡನೆ ಮತ್ತೆ ಚಾಲೂ ಮಾಡಿದರೆ ಕಂಪ್ರೆಸರು ಸುಮಾರು ಮೂರು ನಿಮಿಷ ತಡೆದು ಹೊರಡುವುದು ಮಾತ್ರ ರೋಗವಲ್ಲ; ಕೊಳವೆಯ ಒತ್ತಡವು ಸಮವಾಗಲೆಂದು ಹಾಗೆ ಏರ್ಪಡಿಸಿರುವರು.

ಇನ್ನು ಗ್ಯಾಸು ನಿಜವಾಗಿಯೇ ಸೋರಿದ್ದರೆ ಕ್ರಮವೇನು? ಮೊದಲು ಕೊಳವೆಯೊಳಗೆ ನೈಟ್ರೊಜನ್ನನ್ನು ಒತ್ತಡದಿಂದ ತುಂಬಿ, ಜೋಡಣೆಗಳಿಗೆ ಸಾಬೂನಿನ ನೊರೆಯನ್ನು ಹಚ್ಚಿ, ಗುಳ್ಳೆಯೇಳುವ ಸ್ಥಳವನ್ನು ಕಂಡುಹಿಡಿಯಬೇಕು. ಅದನ್ನು ಮುಚ್ಚಿದ ಬಳಿಕ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆಯಬೇಕು. ಕಡೆಗೆ, ಹೊರಗಿನ ಪೆಟ್ಟಿಗೆಯ ಫಲಕದಲ್ಲಿ ಯಾವ ಗ್ಯಾಸು, ಎಷ್ಟು ತೂಕವೆಂದು ಬರೆದಿರುವುದೋ ಅದನ್ನೇ ತಕ್ಕಡಿಯಲ್ಲಿಟ್ಟು ತೂಗಿ ತುಂಬಬೇಕು. ಸೋರಿಕೆಯನ್ನು ಹುಡುಕದೆ ಗ್ಯಾಸನ್ನು ತುಂಬುವುದು ತೂತಿನ ಕೊಡಕ್ಕೆ ನೀರೆರೆದಂತೆ. ಕಡಮೆಯಾಗದ ಯಂತ್ರಕ್ಕೆ ಇನ್ನಷ್ಟು ತುಂಬುವುದಂತೂ ಮತ್ತೂ ಕೇಡು. ಕಂಪ್ರೆಸರಿನ ಮೇಲೆ ಭಾರ ಹೆಚ್ಚಿ ಅದೇ ಸುಟ್ಟುಹೋಗಬಹುದು. ಈ ಯಂತ್ರದಲ್ಲಿ ಅದಕ್ಕಿಂತ ಬೆಲೆಬಾಳುವ ಭಾಗವು ವಿರಳ.

ಇಲ್ಲಿ ಬರಿಯ ಹಣದ ಪ್ರಶ್ನೆಯಲ್ಲ. ಈಗಿನ ಯಂತ್ರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಆರ್-32 ಎಂಬ ಗ್ಯಾಸು ಸ್ವಲ್ಪಮಟ್ಟಿಗೆ ಬೆಂಕಿ ಹತ್ತುವ ಸ್ವಭಾವದ್ದು. ಕೆಲವು ಯಂತ್ರಗಳಲ್ಲಿರುವ ಆರ್-290 ಎಂಬುದು ಅಡುಗೆಯ ಗ್ಯಾಸಿನಲ್ಲಿಯೂ ಸೇರಿರುವ ಪ್ರೊಪೇನೇ ಆಗಿದ್ದು ಬೇಗನೆ ಹೊತ್ತಿಕೊಳ್ಳುವುದು. ಅಡುಗೆಯ ಗ್ಯಾಸಿನಲ್ಲಿರುವಂತೆ ಎಚ್ಚರಿಸುವ ನಾತವನ್ನು ಇವುಗಳಿಗೆ ಬೆರೆಸಿರುವುದಿಲ್ಲ. ಆದಕಾರಣ ಗ್ಯಾಸಿನ ಕೆಲಸವು ನಡೆಯುವಾಗ ಕಿಟಕಿ ಬಾಗಿಲುಗಳು ತೆರೆದಿರಲಿ, ದೀಪ, ಊದುಬತ್ತಿ, ಒಲೆ ಯಾವುದೂ ಹತ್ತಿರದಲ್ಲಿ ಉರಿಯದಿರಲಿ, ಮಕ್ಕಳು ದೂರವಿರಲಿ.

ಬೇಸಗೆಯ ನೂಕುನುಗ್ಗಲಿಗೆ ಮುಂಚೆಯೇ ವರ್ಷಕ್ಕೊಂದು ಸಲ ಯಂತ್ರವನ್ನು ತೊಳೆಯಿಸಿ ಪರೀಕ್ಷಿಸಿಸುವುದು ಉತ್ತಮ. 24 ಡಿಗ್ರಿಯಲ್ಲಿಟ್ಟು ಮೇಲೊಂದು ಫ್ಯಾನನ್ನು ಮೆಲ್ಲಗೆ ತಿರುಗಬಿಟ್ಟರೆ ಬಹುಮಂದಿಗೆ ಹಿತವಾಗಿಯೇ ಇರುವುದು, ಯಂತ್ರಕ್ಕೂ ದಣಿವು ಕಡಮೆ. ಇನ್ನು ಮುಂದೆ ಯಾರಾದರೂ “ಗ್ಯಾಸು ಮುಗಿದಿದೆ” ಎಂದರೆ ಗೃಹಿಣಿಯು ಮೂರು ಪ್ರಶ್ನೆಗಳನ್ನು ಕೇಳಲಿ: ಎಲ್ಲಿ ಸೋರಿದೆ? ಅದನ್ನು ಮುಚ್ಚಿದಿರಾ? ಎಷ್ಟು ತೂಗಿ ತುಂಬುವಿರಿ? ಕೆಲಸ ಬಲ್ಲವನು ಈ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಹೇಳುವನು. ಉತ್ತರ ಹೇಳಲಾರದವನಿಗೆ ಹಣ ಕೊಡುವುದಕ್ಕೆ ಮುಂಚೆ ಇನ್ನೊಬ್ಬರನ್ನು ಕರೆಯಿಸಿ ತೋರಿಸುವುದು ಕ್ಷೇಮ.