ಕೈತೋಟ: ಚಳಿಯ ಬೆನ್ನಿಗೇ ಬರುವ ಬರ

ಸರಕಾರಿ ನೌಕರನಿಗೆ ವರ್ಗವಾದಾಗ ಮನೆಯ ಪಾತ್ರೆ ಪಡಗಗಳೊಡನೆ ಹೂಕುಂಡಗಳೂ ಲಾರಿ ಹತ್ತುವುದುಂಟು. ಶಿರಸಿಯಿಂದ ಹೊರಟ ಆಂಥೂರಿಯಂ, ಮಂಗಳೂರಿನ ಕಡೆಯ ವೀಳ್ಯದ ಬಳ್ಳಿ, ಬೆಂಗಳೂರಿನಲ್ಲಿ ಆಸೆಪಟ್ಟು ಕೊಂಡ ಕ್ರೋಟನ್ ಇವೆಲ್ಲ ಒಂದು ದಿನ ವಿಜಯಪುರ ಜಿಲ್ಲೆಯ ಎರೆಮಣ್ಣಿನ ಸೀಮೆಗೆ ಬಂದಿಳಿಯುತ್ತವೆ. ಗೃಹಸ್ಥನು ಹೊಸ ಊರಿನ ನೀರು ಗಾಳಿಗಳಿಗೆ ಆರು ತಿಂಗಳಲ್ಲಿ ಒಗ್ಗಿಕೊಳ್ಳುತ್ತಾನೆ. ಗಿಡಗಳಿಗೆ ಆ ಸೌಲಭ್ಯವಿಲ್ಲ. ಮಳೆಗಾಲದಲ್ಲಿ ಬಂದವು ದೀಪಾವಳಿಯವರೆಗೆ ನಳನಳಿಸಿ, ಮಾಘ ಮಾಸದ ಒಂದು ಮುಂಜಾನೆ ತಲೆ ಬಾಗಿಸಿ, ಯುಗಾದಿ ಬರುವಷ್ಟರಲ್ಲಿ ಒಣ ಕಡ್ಡಿಗಳಾಗಿ ನಿಲ್ಲುತ್ತವೆ. ಚಳಿಗೆ ಸತ್ತವೋ ಬಿಸಿಲಿಗೆ ಸತ್ತವೋ ತಿಳಿಯದೆ ಮನೆಯಾಕೆ, “ಈ ಊರ ಮಣ್ಣೇ ಸರಿಯಿಲ್ಲ” ಎಂದುಬಿಡುತ್ತಾಳೆ.

ಮಣ್ಣಿನ ಮೇಲೆ ಹೊರಿಸುವ ಈ ಅಪವಾದ ನ್ಯಾಯವಾದುದಲ್ಲ. ಬಸವನ ಬಾಗೇವಾಡಿಯ ಸೀಮೆಯಲ್ಲಿ, ದಕ್ಷಿಣದ ಕೃಷ್ಣೆಗೂ ಉತ್ತರದ ಡೋಣಿಗೂ ನಡುವಿನ ಬಯಲಿನಲ್ಲಿರುವ ಮಸೂತಿಯಂಥ ಊರನ್ನೇ ನೋಡಬಹುದು. ಭಾದ್ರಪದ ಆಶ್ವಯುಜಗಳಲ್ಲಿ ಬಿತ್ತಿದ ಬಿಳಿಜೋಳ ಅಲ್ಲಿ ಮುಂದೆ ಒಂದು ಹನಿ ಮಳೆ ಕಾಣದಿದ್ದರೂ, ನೆಲದೊಳಗೆ ಕೂಡಿಟ್ಟ ತೇವವನ್ನೇ ಕುಡಿದು ತೆನೆಗಟ್ಟುತ್ತದೆ. ಅಷ್ಟು ತೇವವನ್ನು ಹಿಡಿದಿಡಬಲ್ಲ ಮಣ್ಣನ್ನು ಕೆಟ್ಟದ್ದೆನ್ನಲಾಗದು. ತೊಡಕಿರುವುದು ಋತುಗಳು ಬರುವ ಕ್ರಮದಲ್ಲಿ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರದೊಳಗೆ ಮುಗಿಯುತ್ತದೆ. ಅನಂತರ ಮುಂದಿನ ಮಿರಗದವರೆಗೆ ನೆಚ್ಚತಕ್ಕ ಮಳೆಯಿಲ್ಲ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿದ್ದರೂ, ಬಡಗಣ ಗಾಳಿ ಬಿರುಸಾದ ವರ್ಷ 10ಕ್ಕಿಂತ ಕೆಳಗಿಳಿಯುವುದುಂಟು. ಅದೇ ಅಂಗಳ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯಲ್ಲಿ ಕಾಯುತ್ತದೆ. ಚಳಿ ಕಳೆದು ಹದವಾದ ವಸಂತ ಬರುವುದೆಂದು ಕಾವ್ಯಗಳನ್ನೋದಿದವರು ನಿರೀಕ್ಷಿಸಬಹುದು. ಇಲ್ಲಿ ವಸಂತವು ಹೆಸರಿಗೆ ಮಾತ್ರ ಬಂದು ಎರಡು ವಾರದಲ್ಲಿ ಹೊರಟುಹೋಗುತ್ತದೆ.

ಮೊದಲು ಚಳಿಯ ವಿಚಾರ. ಈ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ. ಆದುದರಿಂದ ಗಿಡಗಳಿಗೆ ಅಪಾಯವಿಲ್ಲವೆಂದು ಅನೇಕರು ನಂಬಿದ್ದಾರೆ. ಬಾಳೆ, ಪಪಾಯ, ವೀಳ್ಯ, ಕ್ರೋಟನ್, ಆಂಥೂರಿಯಂ ಮೊದಲಾದ ಉಷ್ಣವಲಯದ ಗಿಡಗಳು ಹೆಪ್ಪುಗಟ್ಟುವ ಚಳಿಗಾಗಿ ಕಾಯುವುದಿಲ್ಲ. ಬಾಳೆಯ ಬೆಳವಣಿಗೆ 14-15 ಡಿಗ್ರಿಯಲ್ಲಿಯೇ ನಿಂತುಹೋಗುತ್ತದೆ. 10-12 ಡಿಗ್ರಿಗಿಂತ ಕೆಳಗೆ ಇಂಥ ಗಿಡಗಳ ಜೀವಕೋಶಗಳ ಪೊರೆ ಬಿರುಸಾಗುತ್ತದೆ, ಬೇರುಗಳು ನೀರು ಹೀರುವ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ. ರಾತ್ರಿ ಹೀಗೆ ಕಳೆದು, ಬೆಳಿಗ್ಗೆ ಎಂಟು ಗಂಟೆಗೆ ಬಿಸಿಲು ಚುರುಕಾದೊಡನೆ ಎಲೆಗಳು ನೀರು ಬೇಡುತ್ತವೆ. ತಣ್ಣಗಾದ ಬೇರು ಕೊಡಲಾರದು. ಬುಡದಲ್ಲಿ ಕೆಸರೇ ಇದ್ದರೂ ಎಲೆ ಜೋಲುತ್ತದೆ. ಗಿಡದ ಪಾಲಿಗೆ ಚಳಿಯೂ ಒಂದು ಬಗೆಯ ಬರವೇ.

ಇದನ್ನರಿಯದೆ ಜೋತ ಎಲೆಯನ್ನು ಕಂಡ ಕೂಡಲೇ ಬಾವಿಯ ನೀರನ್ನು ಸುರಿಯುವವರುಂಟು. ಅಂಥ ನೀರು ಕೊಳೆರೋಗಕ್ಕೆ ಆಹ್ವಾನವಾಗುತ್ತದೆಯೇ ಹೊರತು ಬೇರಿಗೆ ಸಹಾಯವಾಗದು. ನೀರು ಕೊಡಬೇಕಾದುದು ಹಿಂದಿನ ದಿನದ ಮುಂಜಾವಿನಲ್ಲಿ. ತೇವವಾದ, ಬಿಗಿಯಾದ, ಬರಿಯ ನೆಲವು ಹಗಲಿನ ಬಿಸಿಲನ್ನು ಆಳಕ್ಕೆ ಎಳೆದುಕೊಂಡು ರಾತ್ರಿ ನಿಧಾನವಾಗಿ ಹಿಂದಿರುಗಿಸುತ್ತದೆ. ಒಣಗಿದ ಸಡಿಲ ಮಣ್ಣಾಗಲಿ, ದಪ್ಪನಾದ ರವದಿಯ ಹೊದಿಕೆಯಾಗಲಿ ಈ ಕೊಡುಕೊಳೆಗೆ ಅಡ್ಡ ಬರುತ್ತದೆ. ಅದರ ಮೇಲಣ ಗಾಳಿ ಮತ್ತಷ್ಟು ತಣ್ಣಗಾಗಿ ಎಳೆಯ ಸುಳಿಯನ್ನು ಸುಡುತ್ತದೆ. ಮೋಡವಿಲ್ಲದ, ಗಾಳಿಯಾಡದ, ನಕ್ಷತ್ರಗಳು ನಿಚ್ಚಳವಾಗಿ ಹೊಳೆಯುವ ರಾತ್ರಿಯೇ ಹೆಚ್ಚು ಅಪಾಯದ್ದು. ಅಂದು ಸಂಜೆ ಗಿಡದ ಸುತ್ತ ನಾಲ್ಕು ಗೂಟ ನೆಟ್ಟು, ಹಳೆಯ ಸೀರೆಯನ್ನೋ ಗೋಣಿತಟ್ಟನ್ನೋ ಎಲೆಗೆ ತಾಗದಂತೆ ನೆಲದವರೆಗೆ ಇಳಿಬಿಡಬೇಕು. ನೆಲದ ಬಿಸಿ ಒಳಗೇ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಎಲೆಗೆ ಅಂಟಿಕೊಂಡರೆ ಅಂಟಿದಷ್ಟು ಭಾಗ ಕಪ್ಪಾಗುತ್ತದೆ. ಕುಂಡಗಳಾದರೆ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಮಗ್ಗುಲಲ್ಲಿ ಒತ್ತಾಗಿ ಇರಿಸುವುದು ಲೇಸು. ಕಲ್ಲಿನ ಗೋಡೆ ಹಗಲೆಲ್ಲ ಕಾದು ರಾತ್ರಿ ಬೆಚ್ಚಗಿರುತ್ತದೆ. ಹಳ್ಳದ ಬದಿಯ ತಗ್ಗಿನಲ್ಲಿ ಬಾಳೆ ಚೆನ್ನಾಗಿ ಬರುವುದೆಂಬುದು ನಿಜವಾದರೂ, ತಣ್ಣನೆಯ ಗಾಳಿಯೂ ನೀರಿನಂತೆ ತಗ್ಗಿಗೇ ಹರಿದು ನಿಲ್ಲುವುದೆಂಬುದನ್ನು ನೆಡುವಾಗಲೇ ನೆನೆಯಬೇಕು.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋಗುವುದೆಂಬ ಮಾತು ಎಲ್ಲ ಮನೆಗಳಲ್ಲಿಯೂ ಇದೆ. ಆದರೆ ಪಂಚಾಂಗದ ತಿಥಿ ಹಿಂದುಮುಂದಾಗುವಂತೆ ಚಳಿಯೂ ಹಿಂದುಮುಂದಾಗುತ್ತದೆ. ಸಂಕ್ರಾಂತಿಯ ಮರುವಾರವೇ ಸೆಕೆಯಾಗಿ, ಗಿಡಗಳು ಮೋಸಹೋಗಿ ಚಿಗುರೊಡೆದ ಮೇಲೆ, ಮಾಘ ಬಹುಳದಲ್ಲಿ ಮೂರು ರಾತ್ರಿ ಮತ್ತೆ ಕೊರೆಯುವುದುಂಟು. ಹೆಚ್ಚು ನಷ್ಟವಾಗುವುದು ಈ ಹಿಂಗಡೆಯ ಚಳಿಯಿಂದಲೇ. ಆದುದರಿಂದ ಪುಷ್ಯ ಮಾಸದಲ್ಲಿ ಯೂರಿಯಾ ಹಾಕಿ ಚಿಗುರು ಬರಿಸುವ ಆತುರ ಕೂಡದು.

ಚಳಿಗೆ ಕಪ್ಪಾದ ಎಲೆಗಳನ್ನು ಕಂಡೊಡನೆ ಕತ್ತರಿ ಹಿಡಿಯುವುದೂ ಅಷ್ಟೇ ಅವಸರದ ಕೆಲಸ. ಸತ್ತ ಎಲೆಯೇ ಕೆಳಗಣ ಮೊಗ್ಗಿಗೆ ಮುಂದಿನ ಚಳಿಯಲ್ಲಿ ಹೊದಿಕೆ, ಮುಂದಿನ ಬಿಸಿಲಿನಲ್ಲಿ ನೆರಳು. ಕಾಂಡವನ್ನು ಉಗುರಿನಿಂದ ತುಸು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಯುಗಾದಿಯವರೆಗೆ ಮುಟ್ಟದಿರುವುದೇ ಜಾಣತನ. ಬಾಳೆಯಂತೂ ಮೇಲೆ ಪೂರ್ತಿ ಸುಟ್ಟು ಕರಿಕಾದರೂ ನೆಲದೊಳಗಿನ ಗಡ್ಡೆ ಜೀವದಿಂದಿರುತ್ತದೆ. ಕಿತ್ತೆಸೆದವರು ಒಂದು ವರ್ಷದ ಫಲವನ್ನು ಕಿತ್ತೆಸೆದಂತೆ.

ಇನ್ನು ಬರ. ಚಳಿಗೆ ಹೇಳಿದ ಉಪಾಯಗಳೆಲ್ಲ ಬರದಲ್ಲಿ ತಲೆಕೆಳಗಾಗುತ್ತವೆ. ಬಿಗಿಯಾದ ಬರಿಯ ನೆಲ ಮಾಘದಲ್ಲಿ ಗಿಡವನ್ನು ಕಾಯಿತು. ಫಾಲ್ಗುಣದಲ್ಲಿ ಅದೇ ನೆಲ ಬಾಯ್ಬಿಡುತ್ತದೆ. ಎರೆಮಣ್ಣು ಒಣಗಿದಂತೆ ಕುಗ್ಗಿ, ಕೈ ತೂರುವಷ್ಟು ಅಗಲವಾಗಿ ಸೀಳುತ್ತದೆ. ಬಿರುಕು ಮೇಲಿನ ತೇವವನ್ನಷ್ಟೇ ಅಲ್ಲ, ಆಳದ ತೇವವನ್ನೂ ಗಾಳಿಗೆ ಒಪ್ಪಿಸುತ್ತದೆ. ಹಾದಿಯಲ್ಲಿದ್ದ ಎಳೆಯ ಬೇರುಗಳನ್ನು ಹರಿಯುತ್ತದೆ. ಆಗ ಕೊಟ್ಟ ನೀರು ಬಿರುಕಿನಲ್ಲಿ ಇಳಿದುಹೋಗಿ ಬೇರಿಗೆ ತಗಲುವುದೇ ಇಲ್ಲ. ಮಾಘದಲ್ಲಿ ಜೀವ ಉಳಿಸಿದ ದಕ್ಷಿಣದ ಗೋಡೆಯೂ ಚೈತ್ರದಲ್ಲಿ ಒಲೆಯಾಗುತ್ತದೆ. ಕುಂಡಗಳನ್ನು ಅಲ್ಲಿಂದ ತೆಗೆದು ಪೂರ್ವದ ಅಥವಾ ಉತ್ತರದ ನೆರಳಿಗೆ ಸಾಗಿಸಬೇಕು.

ಹಾಗಾದರೆ ಈ ಬದಲಾವಣೆಯನ್ನು ಮಾಡುವ ದಿನ ಯಾವುದು? ಬೇಗ ಮಾಡಿದರೆ ಹಿಂಗಡೆಯ ಚಳಿ ಹೊಡೆಯುತ್ತದೆ, ತಡಮಾಡಿದರೆ ತೇವ ಹಾರಿಹೋಗುತ್ತದೆ. ನಡುವೆ ದೊರೆಯುವುದು ಹತ್ತು ಹದಿನೈದು ದಿನ ಮಾತ್ರ. ಬೇವಿನ ಮರ ಹಳೆಯ ಎಲೆ ಉದುರಿಸಿ ತಾಮ್ರವರ್ಣದ ಚಿಗುರು ತೋರಿಸುವುದನ್ನೂ, ನಾಲ್ಕೈದು ಮುಂಜಾವು ಒಂದೇ ಸಮನೆ ಹೊದಿಕೆ ಬೇಡವೆನಿಸುವುದನ್ನೂ ಕೂಡಿಸಿ ನೋಡಿದರೆ ಹೆಚ್ಚು ತಪ್ಪಾಗದು. ಅಂದೇ ಪಾತಿಗೆ ಒಮ್ಮೆ ಆಳವಾಗಿ ನೀರು ಕೊಟ್ಟು, ಎರಡು ದಿನ ಬಿಟ್ಟು ಹದ ನೋಡಿ, ಮೇಲಿನ ಎರಡಂಗುಲ ಮಣ್ಣನ್ನು ಕುರ್ಪಿಯಿಂದ ಪುಡಿಮಾಡಬೇಕು. ಪುಡಿಮಣ್ಣು ಬಿರುಕಿನ ಬಾಯಿಗೆ ಬಿದ್ದು ಮುಚ್ಚುತ್ತದೆ. ಅದರ ಮೇಲೆ ಕಬ್ಬಿನ ರವದಿ, ತೊಗರಿಯ ಹೊಟ್ಟು, ಜೋಳದ ಕೂಳೆ, ಏನು ದೊರೆತರೆ ಅದನ್ನು ನಾಲ್ಕಂಗುಲ ದಪ್ಪನಾಗಿ ಹರಡಬೇಕು. ಕಾಂಡಕ್ಕೆ ಮಾತ್ರ ತಾಗಗೊಡಬಾರದು, ಗೆದ್ದಲು ಏರುತ್ತದೆ.

ಜೋಳದ ಸಾಲುಗಳ ನಡುವೆ ಮಳೆ ನಿಂತ ಮೇಲೂ ಎಡೆಕುಂಟೆ ಹೊಡೆಯುವ ಒಕ್ಕಲಿಗನನ್ನು ಕಂಡು, ಕಳೆಯಿಲ್ಲದ ಹೊಲದಲ್ಲಿ ಇವನೇನು ತೆಗೆಯುತ್ತಾನೆಂದು ಪಟ್ಟಣದವರು ಆಶ್ಚರ್ಯಪಡುವುದುಂಟು. ಅವನು ಬಿರುಕು ಮುಚ್ಚುತ್ತಿರುತ್ತಾನೆ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು, ಹಗರಿ, ರೋಹತಕ್‌ಗಳಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾದಾಗ, ವಿದ್ಯಾವಂತ ಪಂಡಿತರು ಪರೀಕ್ಷಿಸಿ ಒಪ್ಪಿಕೊಂಡ ಸೂತ್ರಗಳಲ್ಲಿ ಇದೂ ಒಂದು. ಬದು ಹಾಕುವುದು, ಆಗಾಗ ಎಡೆ ಹೊಡೆಯುವುದು, ಸಾಲಿಗೂ ಸಾಲಿಗೂ ಅಂತರ ಹೆಚ್ಚಿಸಿ ಬೀಜ ಕಡಿಮೆಮಾಡುವುದು, ಇವೇ ಆ ಪದ್ಧತಿಯ ತಿರುಳು. ಕೊನೆಯ ಸೂತ್ರವನ್ನು ಕೈತೋಟದವರು ಯಾರೂ ಕೇಳಬಯಸುವುದಿಲ್ಲ. ಇರುವ ತೇವಕ್ಕೆ ಎಷ್ಟು ಗಿಡವೋ ಅಷ್ಟೇ ಗಿಡ.

ನೀರಿನ ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ನೆಲಕ್ಕೆ 1 ಮಿಲಿಮೀಟರ್ ನೀರೆಂದರೆ 1 ಲೀಟರ್. ಬಿರುಬೇಸಿಗೆಯ ಒಂದು ದಿನ ತೆರೆದ ನೀರಿನಿಂದ 8-10 ಮಿಲಿಮೀಟರ್ ಆವಿಯಾದರೆ, ತೊಯ್ದ ಬರಿಯ ಪಾತಿಯೊಂದು ಮೊದಲ ದಿನವೇ ಅರ್ಧ ಕೊಡಕ್ಕೂ ಮೇಲ್ಪಟ್ಟು ನೀರನ್ನು ಆಕಾಶಕ್ಕೆ ದಾನಮಾಡುತ್ತದೆ. ಈ ದಾನವನ್ನು ತಪ್ಪಿಸಲು ಗಡಿಗೆಯಷ್ಟು ಅಗ್ಗದ ಸಾಧನ ಬೇರಿಲ್ಲ. ಬಣ್ಣ ಬಳಿಯದ, ಆರೇಳು ಲೀಟರ್ ಹಿಡಿಯುವ ಮಣ್ಣಿನ ಗಡಿಗೆಯನ್ನು ಗಿಡದಿಂದ ಒಂದು ಗೇಣು ದೂರದಲ್ಲಿ ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಹಂಚು ಮುಚ್ಚಿದರಾಯಿತು. ಸುತ್ತಣ ಮಣ್ಣು ಒಣಗಿದಂತೆಲ್ಲ ನೀರು ತಾನಾಗಿ ಜಿನುಗುತ್ತದೆ, ಬೇರುಗಳು ಹುಡುಕಿಕೊಂಡು ಬಂದು ಗಡಿಗೆಯನ್ನು ಅಪ್ಪುತ್ತವೆ. ದಿನಕ್ಕೊಂದು ತಂಬಿಗೆ ಚಿಮುಕಿಸುವ ವಾಡಿಕೆ ಮಾತ್ರ ಕೆಟ್ಟದ್ದು. ಈ ಸೀಮೆಯ ಬಹಳಷ್ಟು ಬಾವಿಗಳ ನೀರು ಸವಳು; ಡೋಣಿಯ ನೀರಿನ ಉಪ್ಪನ್ನಂತೂ ಬಲ್ಲವರೇ ಬಲ್ಲರು. ಚಿಮುಕಿಸಿದ ನೀರು ಆವಿಯಾಗಿ ಉಪ್ಪು ಮೇಲೆ ಬಿಳಿ ಪುಡಿಯಾಗಿ ಉಳಿಯುತ್ತದೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಗಿಡಕ್ಕೆ ಒಳ್ಳೆಯದು. ಬಟ್ಟೆ ಒಗೆಯುವ ಪುಡಿ ಬೆರೆತ ನೀರಿನಲ್ಲಿರುವ ಸೋಡದ ಅಂಶ ಎರೆಮಣ್ಣನ್ನು ಅಂಟಾಗಿಸಿ ನೀರಿಳಿಯದಂತೆ ಮಾಡುವುದರಿಂದ ಅದನ್ನು ತೋಟಕ್ಕೆ ತಿರುಗಿಸಬಾರದು.

ಈ ನಾಡಿನಲ್ಲಿ ತೋಟದ ಆಸೆ ಹೊಸದಲ್ಲ. ಆದಿಲಶಾಹಿ ದೊರೆಗಳು 1620ರಲ್ಲಿ ತಾಜ್ ಬಾವಡಿಯನ್ನೂ, 1651ರಲ್ಲಿ ಬೇಗಂ ತಾಲಾಬನ್ನೂ ಕಟ್ಟಿಸಿ, ನೆಲದಡಿಯ ಕಾಲುವೆಗಳಿಂದ ವಿಜಾಪುರಕ್ಕೆ ನೀರು ಹರಿಸಿದರು. ಈಚಿನ ಕಾಲದಲ್ಲಿ, 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿಯ ಅಣೆಕಟ್ಟೆಯ ಹಿನ್ನೀರು ಮಸೂತಿಯ ಸೀಮೆಗೆ ಸಮೀಪಕ್ಕೆ ಬಂದಿದೆ. ಮುಳವಾಡ ಏತ ನೀರಾವರಿಯಿಂದ ಸುತ್ತಿನ ಕೆರೆಗಳಿಗೆ ಕೃಷ್ಣೆಯ ನೀರೇರುವಂತಾಗಿದೆ. ಆದರೂ ಮನೆಯ ನಲ್ಲಿಯಲ್ಲಿ ನೀರು ಬರುವ ದಿನ ಬೇರೆ, ಗಿಡ ನೀರು ಬೇಡುವ ದಿನ ಬೇರೆ. ಮಳೆ ಕೈಕೊಟ್ಟ ವರ್ಷ ಕೊಡಕ್ಕಾಗಿ ಸರದಿ ನಿಲ್ಲಬೇಕಾದಾಗ, ಕುಡಿಯುವ ನೀರನ್ನು ಕ್ರೋಟನ್ನಿಗೆ ಹಾಕುವುದು ನೆರೆಹೊರೆಯವರಿಗೂ ಸೊಗಸಾಗಿ ಕಾಣದು.

ಅಂಥ ವರ್ಷ ಮನೆಯಾಕೆ ಕಠಿಣವಾದ ಒಂದು ಪಟ್ಟಿಯನ್ನು ಮನಸ್ಸಿನಲ್ಲಿ ಮಾಡಿಕೊಳ್ಳಬೇಕಾಗುತ್ತದೆ. ದಿನಕ್ಕೆ ಎರಡೇ ಕೊಡ ತೋಟಕ್ಕೆ ಉಳಿಯಿತೆಂದು ಇಟ್ಟುಕೊಂಡರೆ, ಅದು ಮೊದಲು ಸಲ್ಲತಕ್ಕದ್ದು ಮೂರು ವರ್ಷದೊಳಗಿನ ಲಿಂಬೆ, ಮಾವು, ತೆಂಗಿನ ಸಸಿಗಳಿಗೆ. ಬರದ ವರ್ಷಗಳಲ್ಲಿ ಇಂಡಿಯ ಲಿಂಬೆ ಬೆಳೆಗಾರರು ಟ್ಯಾಂಕರ್ ನೀರನ್ನು ದುಡ್ಡು ಕೊಟ್ಟು ಕೊಂಡು ಮರ ಉಳಿಸಿಕೊಂಡದ್ದು ಹುಚ್ಚಿನಿಂದಲ್ಲ. ಫಲಕ್ಕೆ ಬಂದ ಐದು ವರ್ಷದ ಗಿಡ ಹೋದರೆ ಅದರೊಡನೆ ಐದು ವರ್ಷಗಳೂ ಹೋಗುತ್ತವೆ. ಬೇರೂರಿದ ಕರಿಬೇವೂ ಮಲ್ಲಿಗೆಯೂ ಎಲೆಯುದುರಿಸಿ ಬಡವಾದರೂ ವಾರಕ್ಕೊಂದು ಗಡಿಗೆಯಲ್ಲಿ ಜೀವ ಹಿಡಿದಿರುತ್ತವೆ. ಕ್ರೋಟನ್ನನ್ನು ಅರ್ಧಕ್ಕೆ ಸವರಿ, ಕುಂಡಗಳನ್ನೆಲ್ಲ ನೆರಳಿನಲ್ಲಿ ಒಂದಕ್ಕೊಂದು ಒತ್ತಿ, ನಡುವಿನ ಸಂದಿಗೆ ತೊಯ್ದ ಮರಳು ತುಂಬಬಹುದು. ಶಿವರಾತ್ರಿಯ ಮೇಲೆ ಹೊಸದಾಗಿ ಹೂವಿನ ಸಸಿ ನೆಡುವುದನ್ನು ಆ ವರ್ಷ ಮರೆಯಬೇಕು. ವೀಳ್ಯದ ಬಳ್ಳಿ ಬಹುಶಃ ಉಳಿಯದು. ಬಚ್ಚಲ ಬದಿಯ ತಂಪಿನಲ್ಲಿ ಎರಡು ಗೆಣ್ಣಿನ ತುಂಡೊಂದು ಚಿಗುರಿದರೆ ಅದೇ ಲಾಭ.

ಬಾಳೆಯನ್ನು ಮೊಳಕಾಲೆತ್ತರಕ್ಕೆ ಕಡಿದು, ಕಡಿದ ದಿಂಡನ್ನೂ ಎಲೆಗಳನ್ನೂ ಬುಡದ ಸುತ್ತಲೇ ಹಾಸಿ, ಮೇಲೆ ಒಂದು ಬುಟ್ಟಿ ಮಣ್ಣೆಳೆದು ಬಿಟ್ಟರೆ, ದಿಂಡಿನ ನೀರೇ ಗಡ್ಡೆಗೆ ಕೆಲವು ವಾರ ಸಾಕಾಗುತ್ತದೆ. ಆಮೇಲೆ ಹದಿನೈದು ದಿನಕ್ಕೊಂದು ಕೊಡ. ರೋಹಿಣಿಯ ಒಂದು ಮಳೆ ಬಿದ್ದ ಮೇಲೂ ಆ ಮುಚ್ಚಿಗೆಯನ್ನು ತೆಗೆಯಬಾರದು; ಮಿರಗದ ಮಳೆಯಲ್ಲಿ ನೆಲ ಒಂದು ಗೇಣು ತೊಯ್ದಿತೆಂದು ಕುರ್ಪಿ ಚುಚ್ಚಿ ನೋಡಿದ ಮೇಲೆಯೇ ಮಣ್ಣು ಸರಿಸಿ, ಪಕ್ಕದಿಂದ ಮೊನಚಾಗಿ ಮೂಡಿದ ಕಂದುಗಳಲ್ಲಿ ಬಲವಾದ ಒಂದನ್ನು ಉಳಿಸಿಕೊಳ್ಳತಕ್ಕದ್ದು.